ನನಗೆ ಮಾತ್ರ ಕಾಣುವ ಪರದೆ

ಮೀನಿಗೆ ನಮ್ಮೂರಿನ ನಾಲ್ಕು ಭಾಷೆಗಳಲ್ಲಿಯೂ ಮಕಾರದಿಂದಲೇ ಶುರುವಾಗುವ ಹೆಸರು ಯಾಕೆ ಬಿತ್ತು ಎಂದು ನಾನು ಬಹಳ ವರ್ಷ ಸಿಟ್ಟು ಮಾಡಿಕೊಂಡದ್ದುಂಟು. ಕನ್ನಡದಲ್ಲಿ ಮೀನು. ತುಳುವಿನಲ್ಲೂ ಬ್ಯಾರಿಯಲ್ಲೂ ಮೀನ್. ಕೊಂಕಣಿಯವರಾದರೂ ಕಾಪಾಡಿಯಾರು ಎಂದು ಆ ಕಡೆ ಹೋದರೆ ಅಲ್ಲಿ ಮಾಸ್ಳಿ. ನನಗೆ ಉಗ್ಗು ಇದೆ. ಪ, ಬ, ಮ, ಹೀಗೆ ತುಟಿ ಕೂಡಿಸಿ ಬಿಡಬೇಕಾದ ಅಕ್ಷರ ಮಾತಿನ ಮೊದಲಿಗೇ ಬಂದು ನಿಂತರೆ ನನ್ನ ತುಟಿ ಕೂಡುತ್ತದೆ, ಬಿಡುವುದಿಲ್ಲ. ಹಾಗಿರುವ ನಾನು ಹಿಡಿದ ಕೆಲಸವಾದರೂ ಎಂಥದ್ದು? ಮೀನು ಕೆಡದಂತೆ ಇಡುವ ಕೋಲ್ಡ್ ರೂಮುಗಳನ್ನು ಮಾರುವುದು. ಬಂದರಿನ ವ್ಯಾಪಾರಿಗಳು, ಹೋಟೆಲಿನವರು, ಐಸ್‌ಕ್ರೀಮಿನವರು, ಆಸ್ಪತ್ರೆಯವರು, ಎಲ್ಲರ ಎದುರು ನಿಂತು ಮಾತಾಡಿಯೇ ನನ್ನ ಹೊಟ್ಟೆ ತುಂಬಬೇಕು.

ಆದರೂ ಉಗ್ಗುವವನಿಗೆ ನಮ್ಮೂರಿನಷ್ಟು ಅನುಕೂಲದ ಊರು ಬೇರೆ ಇರಲಾರದು. ಒಂದು ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಒಂದು ಭಾಷೆಯ ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ಹೊಕ್ಕು ಹೊರಗೆ ಬರಬಹುದು. ಮಂಗಳೂರು ಎನ್ನಲಾಗದ ಕಡೆ ಕುಡ್ಲ ಎಂದೆ. ಆಫೀಸು ಬೈಕಂಪಾಡಿಯಲ್ಲಿ, ಕೇಳಿದವರಿಗೆ ಕೂಳೂರು ಸಂಕ ದಾಟಿ ಮುಂದೆ ಎಂದೆ. ಮನೆ ಮಣ್ಣಗುಡ್ಡದಲ್ಲಿ, ಕಾರು ಕೊಳ್ಳುವ ಮೊದಲು ರಿಕ್ಷಾದವರಿಗೆ ಉರ್ವ ಎಂದು ಹೇಳಿ, ಉರ್ವದಲ್ಲಿ ಇಳಿದು, ಬೆವರು ಒರೆಸಿಕೊಳ್ಳುತ್ತಾ ನಡೆದು ಬರುತ್ತಿದ್ದೆ. ಮೀನಿಗೆ ಫಿಶ್. ಉದಾಹರಣೆ ಕೊಡುವಾಗ ಬಂಗುಡೆ, ಬೂತಾಯಿಯಂಥ ಅಗ್ಗದ ಮೀನುಗಳ ತಂಟೆಗೆ ಹೋಗದೆ ಯಾವಾಗಲೂ ದುಬಾರಿಯ ಅಂಜಲ್. ನೀವು ಅಂಜಲಿನಿಂದ ಕೆಳಗೆ ಇಳಿಯುವವರೇ ಅಲ್ಲ ಎಂದು ಬಂದರಿನ ಸಾಹುಕಾರರೊಬ್ಬರು ತಮಾಷೆ ಮಾಡಿದ್ದರು. ನನ್ನ ನಾಲಗೆ ದುಬಾರಿ ಎಂದು ಅವರು ತಿಳಿದುಕೊಂಡದ್ದು ನನಗೆ ಒಳ್ಳೆಯದೇ ಆಯಿತು.

ಮಗಳು ಹುಟ್ಟಿದ್ದು ಮಖೆ ನಕ್ಷತ್ರದಲ್ಲಿ. ಮಕಾರದ ಹೆಸರಿಡಬೇಕು ಎಂದು ಅತ್ತೆ ಪಟ್ಟು ಹಿಡಿದರು. ನಾನು ಅದಕ್ಕಿಂತ ಗಟ್ಟಿ ಪಟ್ಟು ಹಿಡಿದು ಬೇರೆ ಅಕ್ಷರದ ಹೆಸರಿಟ್ಟೆ, ಕಾರಣ ಹೇಳಲಿಲ್ಲ. ಸ್ವಂತ ಮಗಳನ್ನು ಕರೆಯುವಾಗ ಉಗ್ಗಲು ನಾನು ತಯಾರಿರಲಿಲ್ಲ. ಅತ್ತೆ ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು.

ಈ ಹೆದರಿಕೆ ಎಲ್ಲಿಂದ ಬಂತು ಎಂದು ಹುಡುಕುವ ಕಷ್ಟವಿಲ್ಲ. ಎಂಟನೇ ಕ್ಲಾಸಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ಮಾಡಲು ನನ್ನನ್ನು ನಿಲ್ಲಿಸಿದ್ದರು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಬರೆಯುವುದಕ್ಕೂ ಹೇಳುವುದಕ್ಕೂ ಸಂಬಂಧವಿಲ್ಲ ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಮಾನ್ಯ ಅಧ್ಯಕ್ಷರೇ ಎಂದು ಶುರು. ಮಾ ಬರಲಿಲ್ಲ. ತುಟಿ ಬಿಗಿದು ಮೂಗಿನಿಂದ ಮ್ ಎಂಬ ಸದ್ದು ಮಾತ್ರ ಹೊರಟಿತು, ಅದನ್ನು ಮೈಕು ಮೈದಾನದ ತುದಿಯವರೆಗೂ ಮುಟ್ಟಿಸಿತು. ಮರುದಿನದಿಂದ ನನಗೆ ಕಂಜಿ ಎಂದು ಹೆಸರು ಬಿತ್ತು, ತುಳುವಿನಲ್ಲಿ ಕರು. ಹತ್ತನೇ ಕ್ಲಾಸು ಮುಗಿಯುವವರೆಗೂ ಆ ಹೆಸರು ಹೋಗಲಿಲ್ಲ. ಅಮ್ಮ ನಾಲಗೆಗೆ ಬಜೆ ತೇದು ಹಚ್ಚಿದಳು, ನೆಂಟರು ನಿಧಾನ ಮಾತಾಡು ಎಂದು ಬುದ್ಧಿ ಹೇಳಿದರು. ನಿಧಾನ ಮಾತಾಡು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ನಿಂತೇ ಇರುವಾಗ ನಿಧಾನ ನಡೆ ಎಂದು ಹೇಳಿದ ಹಾಗೆ ಅದು.

ಕೆಲಸಕ್ಕೆ ಸೇರಿದ ಮೇಲೆ ಮೊದಮೊದಲು ಚೀಟಿ ಬರೆದು ಅಂಗೈಯಲ್ಲಿ ಅಡಗಿಸಿಟ್ಟುಕೊಳ್ಳುತ್ತಿದ್ದೆ. ಯಾವ ಶಬ್ದ ಬೇಡ, ಅದರ ಬದಲಿಗೆ ಯಾವುದು ಬೇಕು ಎಂಬ ಪಟ್ಟಿ. ಬೆವರಿಗೆ ಶಾಯಿ ಹರಡಿ ಪಟ್ಟಿ ಅರ್ಧಕ್ಕೇ ಅಳಿಸಿಹೋಗುತ್ತಿತ್ತು. ಎದುರಿಗಿದ್ದವರಿಗೆ ನಾನು ಅಂಗೈ ನೋಡಿಕೊಳ್ಳುವುದು ಕಂಡು, ಈ ಮನುಷ್ಯನಿಗೆ ತನ್ನ ಸರಕಿನ ಬಗ್ಗೆಯೇ ಗೊತ್ತಿಲ್ಲ ಅನ್ನಿಸಿದ್ದಿರಬೇಕು.

ಎರಡನೆಯ ಪರದೆಯ ವಿಷಯ ಹೇಳಿಕೊಟ್ಟದ್ದು ಆಫೀಸಿಗೆ ಹೊಸದಾಗಿ ಸೇರಿದ ಒಬ್ಬ ಇಂಜಿನಿಯರ್ ಹುಡುಗಿ. ಅಲ್ಲಿಯವರೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ಕಂಡದ್ದೇ ಗೋಡೆಯ ಮೇಲೂ ಕಾಣುವುದು ಎಂದು ನಾನು ನಂಬಿದ್ದೆ. ಅವಳು ಎರಡು ಕೀಲಿ ಒತ್ತಿ, ನಾಲ್ಕು ಆಯ್ಕೆಗಳಲ್ಲಿ ಎಕ್ಸ್‌ಟೆಂಡ್ ಎಂಬುದನ್ನು ಆರಿಸಿದಳು. ಗೋಡೆಯ ಮೇಲೆ ಬರೀ ಸ್ಲೈಡು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಸ್ಲೈಡು ಚಿಕ್ಕದಾಗಿ, ಪಕ್ಕದಲ್ಲಿ ಮುಂದೆ ಬರುವ ಸ್ಲೈಡು, ಮೇಲೆ ಗಡಿಯಾರ, ಕೆಳಗೆ ನಾನು ಬರೆದುಕೊಂಡ ಟಿಪ್ಪಣಿ.

“ಇದು ನಿಮಗೆ ಮಾತ್ರ ಕಾಣ್ತದೆ ಸರ್,” ಎಂದಳು. ಆ ಹುಡುಗಿಗೆ ಅದೊಂದು ಸಾಮಾನ್ಯ ಮಾತು. ನನಗೆ ಮಾತ್ರ ಅವತ್ತು ಊಟ ಎರಡು ತುತ್ತು ಹೆಚ್ಚು ಸೇರಿತು.

ಆಮೇಲೆ ನಾನು ಬೇರೆಯೇ ಮನುಷ್ಯನಾದೆ. ಪ್ರತಿ ಸ್ಲೈಡಿನ ಕೆಳಗೂ ದಪ್ಪ ಅಕ್ಷರದಲ್ಲಿ ಪಟ್ಟಿ ಬರೆದುಕೊಂಡೆ. ಮೀನು ಬೇಡ, ಫಿಶ್ ಅನ್ನು. ಬಿಸಿ ಬೇಡ, ಸೆಕೆ ಅನ್ನು. ಮೊದಲಿಗೆ ಬೇಡ, ಶುರುವಿಗೆ ಅನ್ನು. ಇಲ್ಲಿ ನೀರು ಕುಡಿ. ಇಲ್ಲಿ ನಗು. ಕಷ್ಟದ ಸ್ಲೈಡುಗಳ ಕೆಳಗೆ ಅಮ್ಮ ಆ ವಾರ್ಷಿಕೋತ್ಸವದ ದಿನ ತುಳುವಿನಲ್ಲಿ ಹೇಳಿದ್ದ ಮಾತು: ದಾಲ ಆಪುಜಿ. ಏನೂ ಆಗುವುದಿಲ್ಲ ಎಂದು ಅರ್ಥ. ವಯಸ್ಸು ಐವತ್ತಕ್ಕೆ ಹತ್ತಿರವಾದಂತೆ ಕಣ್ಣು ಮಂಜಾಗಿ ಅಕ್ಷರಗಳನ್ನು ಇನ್ನೂ ದೊಡ್ಡದು ಮಾಡಿದೆ. ನಾಲ್ಕು ಹೆಜ್ಜೆ ದೂರದಿಂದಲೂ ಓದುವಷ್ಟು ದೊಡ್ಡದು.

ಎಲ್ಲಿ ಹೋದರೂ ಅರ್ಧ ಗಂಟೆ ಮೊದಲು ಹೋಗಿ ವಯರು ಸಿಕ್ಕಿಸಿ, ಕೊನೆಯ ಸಾಲಿಗೆ ಹೋಗಿ ಕುಳಿತು, ಮುಂದಿನ ಸಾಲಿಗೆ ಬಂದು ಕುಳಿತು, ನನ್ನ ಟಿಪ್ಪಣಿ ಎಲ್ಲಿಂದಲೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಎಷ್ಟು ಶ್ರದ್ಧೆಯ ಮನುಷ್ಯ ಎಂದು ಜನ ಹೊಗಳಿದರು. ಚೀಟಿ ನೋಡದೆ ಮುಕ್ಕಾಲು ಗಂಟೆ ಮಾತಾಡುತ್ತಾನೆ ಎಂದು ಆಫೀಸಿನಲ್ಲಿ ಹೆಸರಾಯಿತು. ಕಂಜಿ ಸತ್ತುಹೋಯಿತು ಎಂದು ನಾನೂ ನಂಬಿಬಿಟ್ಟೆ.

ಅಷ್ಟರಲ್ಲಿ ಮಗಳಿಗೆ ಉಗ್ಗು ಶುರುವಾಯಿತು. ಆಗ ಅವಳಿಗೆ ಆರು ವರ್ಷ. ನನಗೆ ತುಟಿಯಲ್ಲಿ ಹಿಡಿದದ್ದು ಅವಳಿಗೆ ಗಂಟಲಿನಲ್ಲಿ ಹಿಡಿಯಿತು. ಮೊದಲಿಗೆ ಕಕಾರ ಬಂದರೆ ಕ ಕ ಕ ಎಂದು ಅಲ್ಲೇ ನಿಂತು, ಕಣ್ಣು ಮುಚ್ಚಿ, ಬಲಗೈ ಬೆರಳುಗಳನ್ನು ಮಡಿಚಿ ಬಿಡಿಸುತ್ತಿದ್ದಳು. ಡಾಕ್ಟರು ಇದು ಕೆಲವು ಮನೆತನಗಳಲ್ಲಿ ಬರುವುದುಂಟು ಎಂದಾಗ ನಾನು ಕಿಟಕಿಯ ಹೊರಗೆ ನೋಡಿದೆ. ಸ್ಪೀಚ್ ಥೆರಪಿಗೆ ಸೇರಿಸಿದೆವು. ಮನೆಯಲ್ಲಿ ನನಗೆ ಉಗ್ಗು ಬರುವುದು ಕಡಿಮೆ, ಬಂದರೂ ಒಂದು ಕೆಮ್ಮಿನಲ್ಲಿ ಮುಚ್ಚಿಹೋಗುವಷ್ಟು; ಹಾಗಾಗಿ ಅವಳಿಗೆ ನನ್ನದು ಗೊತ್ತಿರಲಿಲ್ಲ. ಒಂದು ದಿನ ಅತ್ತುಕೊಂಡು ಬಂದವಳನ್ನು ಕೂರಿಸಿಕೊಂಡು ಹೇಳಿದೆ, ನನಗೂ ಚಿಕ್ಕದಿರುವಾಗ ಇತ್ತು, ಪ್ರಾಕ್ಟೀಸು ಮಾಡಿ ಮಾಡಿ ಪೂರ್ತಿ ಹೋಯಿತು, ನಿನಗೂ ಹೋಗುತ್ತದೆ ಎಂದು. ಅವಳು ಕಣ್ಣು ಅರಳಿಸಿ ನೋಡಿದಳು. ಆ ನೋಟ ನನಗೆ ಹಿತವಾಯಿತು. ಸುಳ್ಳು ಹೇಳಿದ್ದೇನೆ ಅನ್ನಿಸಲೇ ಇಲ್ಲ.

ಹೆಂಡತಿಗೆ ಅನ್ನಿಸಿತ್ತು. ಮಗುವಿಗೆ ಒಂದು ದಿನ ಗೊತ್ತಾಗ್ತದೆ, ಆಗ ಏನು ಮಾಡ್ತೀರಿ ಎಂದು ಕೇಳಿದಳು. ಗೊತ್ತಾಗುವುದು ಹೇಗೆ, ಪರದೆ ಕಾಣುವುದು ನನಗೆ ಮಾತ್ರ ಎಂದೆ. ಅವಳು ಕುಕ್ಕರಿನ ಮುಚ್ಚಳವನ್ನು ಸ್ವಲ್ಪ ಜೋರಾಗಿ ಹಾಕಿದಳು.

ಮಗಳು ಎಂಟನೇ ಕ್ಲಾಸಿಗೆ ಬಂದಳು. ಅವಳ ಶಾಲೆ ಕೊಡಿಯಾಲ್‌ಬೈಲಿನಲ್ಲಿ. ಅಲ್ಲಿ ವರ್ಷಕ್ಕೆ ನಾಲ್ಕೈದು ಸಲ ಹೊರಗಿನವರನ್ನು ಕರೆಸಿ ಅವರ ಉದ್ಯೋಗದ ಬಗ್ಗೆ ಮಾತಾಡಿಸುತ್ತಾರೆ. ಈ ಸಲ ನನ್ನನ್ನು ಕರೆದರು. ಐಸ್‌ಕ್ರೀಮು, ಲಸಿಕೆ, ಫಿಶ್, ಇವು ಕೆಡದೆ ನಮ್ಮ ಕೈಗೆ ಬರುವುದು ಹೇಗೆ ಎಂಬ ವಿಷಯ. ಟೀಚರು ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದರು. ಧನ್ಯವಾದ ಸಮರ್ಪಣೆಯನ್ನು ನಿಮ್ಮ ಮಗಳೇ ಮಾಡಲಿ, ತಂದೆಗೆ ಮಗಳು ವಂದಿಸಿದರೆ ಚೆಂದ, ಅವಳಿಗೂ ಧೈರ್ಯ ಬರುತ್ತದೆ ಎಂದರು. ಮಗಳ ಹತ್ತಿರ ಒಂದು ಮಾತು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ನಾನು ಆಗಲಿ, ಅದಕ್ಕೇನಂತೆ ಎಂದುಬಿಟ್ಟೆ. ಫೋನಿನಲ್ಲಿ ನನಗೆ ಸಲೀಸಾಗಿ ಬರುವ ಮಾತು ಅದು, ಎರಡೂ ಸ್ವರದಿಂದ ಶುರು.

ಮನೆಯಲ್ಲಿ ಹೇಳಿದಾಗ ಮಗಳು ಅಳಲಿಲ್ಲ, ಬೇಡ ಅನ್ನಲೂ ಇಲ್ಲ. ಬೆರಳು ಮಡಿಚಿ ಬಿಡಿಸಿದಳು. ಮೂರು ದಿನ ಬಿಟ್ಟು ಟೀಚರು ಬರೆದುಕೊಟ್ಟ ಚೀಟಿ ತಂದಳು. ಆರು ಸಾಲು. ಹೆಡ್‌ಮಿಸ್ಸಿಗೆ ಕೃತಜ್ಞತೆಗಳು, ಅತಿಥಿಗೆ ಕೃತಜ್ಞತೆಗಳು, ಶಿಕ್ಷಕರಿಗೆ, ಹಾಡಿದವರಿಗೆ, ಮೈಕಿನವರಿಗೆ, ಸಹಪಾಠಿಗಳಿಗೆ, ಎಲ್ಲರಿಗೂ ಕೃತಜ್ಞತೆಗಳು. ಆರು ಸಲ ಅದೇ ಶಬ್ದ, ಆರು ಸಲವೂ ಅವಳ ಗಂಟಲು ಹಿಡಿಯುವ ಅಕ್ಷರದಿಂದಲೇ ಶುರು. ಆ ಟೀಚರಿಗೆ ಬೇರೆ ಶಬ್ದವೇ ಗೊತ್ತಿರಲಿಲ್ಲವೇ ಎಂದು ನನಗೆ ರೇಗಿತು.

ಹತ್ತು ದಿನ ಮಗಳು ಕನ್ನಡಿಯ ಎದುರು ನಿಂತು ಆ ಶಬ್ದವನ್ನು ಹೇಳಿದಳು. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ, ಶಾಲೆಯಿಂದ ಬಂದ ಕೂಡಲೇ. ಕ ಕ ಕ ಎಂಬ ಸದ್ದು ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ವಂದನೆ ಅನ್ನು, ಧನ್ಯವಾದ ಅನ್ನು, ಆ ಹಾಳು ಶಬ್ದವನ್ನು ಮುಟ್ಟಲೇಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಈ ವಿದ್ಯೆಯಲ್ಲಿ ನನಗಿಂತ ದೊಡ್ಡ ಪಂಡಿತ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾಳಲ್ಲ, ಆ ಹೆದರಿಕೆಗೆ ಬಾಯಿ ಮುಚ್ಚಿಕೊಂಡೆ. ಪ್ರಾಕ್ಟೀಸು ಮಾಡು, ಬರ್ತದೆ ಎಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆ ದಿನ ಊಟ ಮುಗಿಸಿ ಆಫೀಸಿನಿಂದ ಬೇಗ ಹೊರಟೆ. ಕೂಳೂರು ಸಂಕದ ಹತ್ತಿರ ಎಂದಿನಂತೆ ಲಾರಿಗಳ ಸಾಲು. ನದಿಯ ನೀರು ನೋಡುತ್ತಾ ಇಪ್ಪತ್ತು ನಿಮಿಷ ಕುಳಿತೆ. ನನ್ನ ಅರ್ಧ ಗಂಟೆಯ ಲೆಕ್ಕ ಅಲ್ಲೇ ತಪ್ಪಿತು. ಶಾಲೆ ಮುಟ್ಟಿದಾಗ ಮಕ್ಕಳು ಆಗಲೇ ಸಭಾಂಗಣದಲ್ಲಿ ಸಾಲಾಗಿ ಕುಳಿತಿದ್ದರು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಉದ್ದದ ಮೇಜು, ಹಿಂದೆ ಐದು ಕುರ್ಚಿ. ಭಾಷಣ ಮಾಡುವವರು ನಿಲ್ಲುವ ಸ್ಟ್ಯಾಂಡು ಬಲಕ್ಕೆ. ಪ್ರೊಜೆಕ್ಟರಿನ ವಯರು ಬಂದದ್ದು ಎಡಕ್ಕೆ. ಅದು ಗಿಡ್ಡ, ಎಳೆದರೂ ಮೇಜಿನ ಎಡತುದಿಯಿಂದ ಮುಂದೆ ಬರಲಿಲ್ಲ. ಲ್ಯಾಪ್‌ಟಾಪನ್ನು ಆ ತುದಿಯಲ್ಲೇ ಇಟ್ಟು, ನಾನು ಮೇಜಿನ ಪಕ್ಕದಲ್ಲೇ ಕೈಮೈಕು ಹಿಡಿದು ನಿಲ್ಲುವುದು ಎಂದಾಯಿತು. ಓರೆಗಣ್ಣಿನಲ್ಲಿ ಪರದೆ ಕಾಣುತ್ತಿತ್ತು. ಸಾಕು ಅನ್ನಿಸಿತು. ಅವಸರದಲ್ಲಿಯೂ ಕೊನೆಯ ಸಾಲಿಗೆ ಹೋಗಿ ನೋಡಿ ಬಂದೆ, ಮುಂದಿನ ಸಾಲಿನಿಂದಲೂ ನೋಡಿದೆ. ಏನೂ ಕಾಣುತ್ತಿರಲಿಲ್ಲ.

ಕಂಪೆನಿಗಳಲ್ಲಿ, ಬಂದರಿನ ಆಫೀಸುಗಳಲ್ಲಿ ಕೇಳುವವರೆಲ್ಲ ನನ್ನ ಎದುರಿಗೇ ಕೂರುತ್ತಾರೆ. ಆದರೆ ನಮ್ಮಲ್ಲಿ ಶಾಲೆ, ಸಂಘ, ಸಭೆ ಎಂದ ಮೇಲೆ ವೇದಿಕೆಯ ಮೇಲೂ ಜನ ಕೂರಬೇಕು. ಅಧ್ಯಕ್ಷರು, ಅತಿಥಿಗಳು, ಸ್ವಾಗತಿಸುವವರು, ವಂದಿಸುವವರು. ಅವರಿಗೆ ಹಿಂದಿನ ಗೋಡೆ ಕಾಣುವುದಿಲ್ಲ, ಕುತ್ತಿಗೆ ತಿರುಗಿಸಿದರೆ ನೋವು. ಎದುರಿಗೆ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ನೋಡುತ್ತಾರೆ. ಇಷ್ಟು ವರ್ಷ ಎಲ್ಲ ಸಾಲಿನಿಂದಲೂ ಪರೀಕ್ಷೆ ಮಾಡಿದ ನಾನು ವೇದಿಕೆಯ ಕುರ್ಚಿಯಲ್ಲಿ ಒಂದು ಸಲವೂ ಕುಳಿತು ನೋಡಿರಲಿಲ್ಲ. ವಂದಿಸುವವರ ಕುರ್ಚಿ ಯಾವಾಗಲೂ ತುದಿಯದು. ಆ ದಿನ ಎಡತುದಿಯದು.

ಮಗಳು ಎರಡು ಜಡೆ, ಇಸ್ತ್ರಿ ಮಾಡಿದ ಯೂನಿಫಾರ್ಮು, ಕೈಯಲ್ಲಿ ಚೀಟಿ ಮತ್ತು ಪೆನ್ಸಿಲು ಹಿಡಿದು ಬಂದು ಆ ಕುರ್ಚಿಯಲ್ಲಿ ಕುಳಿತಳು. ನನಗೆ ಆಗಲೂ ಹೊಳೆಯಲಿಲ್ಲ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ನಾನು ಎದ್ದು ಮೊದಲ ಸ್ಲೈಡು ಹಾಕಿದೆ.

ಎಲ್ಲರಿಗೂ ನಮಸ್ಕಾರ ಎಂದು ಶುರು ಮಾಡಿದೆ. ಟಿಪ್ಪಣಿಯಲ್ಲಿ ದೊಡ್ಡದಾಗಿ ಇತ್ತು: ಮಕ್ಕಳೇ ಬೇಡ, ಎಲ್ಲರಿಗೂ ಅನ್ನು. ಮೂರನೆಯ ಸ್ಲೈಡಿನ ಹೊತ್ತಿಗೆ ಐಸ್‌ಕ್ರೀಮು ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಯಾಕೆ ಮರಳು ಮರಳಾಗುತ್ತದೆ ಎಂದು ಹೇಳುತ್ತಿದ್ದೆ, ಮಕ್ಕಳು ಕಿವಿಗೊಟ್ಟಿದ್ದರು. ಟಿಪ್ಪಣಿ ನೋಡಲು ಕಣ್ಣು ಹೊರಳಿಸಿದೆ. ಪರದೆಯಿಂದ ಒಂದು ಮೊಳ ದೂರದಲ್ಲಿ ಮಗಳ ಮುಖ ಇತ್ತು. ಅವಳು ಓದುತ್ತಿದ್ದಳು. ಬಿಸಿ ಬೇಡ, ಸೆಕೆ ಅನ್ನು. ಇಲ್ಲಿ ನೀರು ಕುಡಿ. ದಾಲ ಆಪುಜಿ.

ಹೊರಗೆ ಅಷ್ಟು ಸೆಕೆ ಇದ್ದರೂ ನನ್ನ ಕೋಲ್ಡ್ ರೂಮಿನೊಳಗೆ ನಿಂತ ಹಾಗಾಯಿತು. ಲ್ಯಾಪ್‌ಟಾಪನ್ನು ತಿರುಗಿಸಿಬಿಡಲೇ? ತಿರುಗಿಸಿದರೆ ನನಗೇ ಕಾಣುವುದಿಲ್ಲ. ಟಿಪ್ಪಣಿ ಮುಚ್ಚಿಬಿಡಲೇ? ಮುಚ್ಚಿದರೆ ಇನ್ನೂ ಹದಿನಾಲ್ಕು ಸ್ಲೈಡು ದಾಟುವುದು ಹೇಗೆ? ಮುಂದಿನ ಸ್ಲೈಡಿಗೆ ಹೋದೆ. ಅವಳ ಕಣ್ಣು ನನಗಿಂತ ಮೊದಲು ಟಿಪ್ಪಣಿಗೆ ಹೋಯಿತು. ಅಲ್ಲಿ ಬೇಡ ಎಂದಿದ್ದ ಶಬ್ದವನ್ನು ನಾನು ಬಿಟ್ಟದ್ದನ್ನೂ, ಅನ್ನು ಎಂದಿದ್ದನ್ನು ಅಂದದ್ದನ್ನೂ ಅವಳು ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಏನಿತ್ತೋ ನನಗೆ ಓದಲಾಗಲಿಲ್ಲ. ತಲೆ ಬಗ್ಗಿಸಿ ಚೀಟಿಯಲ್ಲಿ ಏನೋ ಗೀಚತೊಡಗಿದಳು. ಬೇಸರಕ್ಕೆ ಗೀಚುತ್ತಿದ್ದಾಳೆ ಅಂದುಕೊಂಡೆ. ಇನ್ನು ಇವಳು ನನ್ನ ಮಾತು ಯಾವುದನ್ನೂ ನಂಬುವುದಿಲ್ಲ, ಈಗ ಎದ್ದು ನಿಂತು ಅದೇ ಶಬ್ದದಲ್ಲಿ ಸಿಕ್ಕಿಬೀಳುತ್ತಾಳೆ, ನಾಳೆಯಿಂದ ಅವಳಿಗೂ ಒಂದು ಅಡ್ಡಹೆಸರು ಬೀಳುತ್ತದೆ, ಎಲ್ಲ ನನ್ನಿಂದಲೇ ಎಂದು ತಲೆ ಓಡುತ್ತಿತ್ತು. ಬಾಯಿ ಅದರ ಪಾಡಿಗೆ ಲಸಿಕೆಯ ವಿಷಯ ಹೇಳುತ್ತಿತ್ತು.

ಹೇಗೋ ಕೊನೆಯ ಸ್ಲೈಡು ಮುಟ್ಟಿದೆ. ಪ್ರಶ್ನೆ ಇದ್ದರೆ ಕೇಳಬಹುದು ಎಂದು ಹೆಡ್‌ಮಿಸ್ಸು ಹೇಳಿದರು. ಹಿಂದಿನ ಸಾಲಿನ ಒಬ್ಬಳು ಎದ್ದು, ಎಲ್ಲಕ್ಕಿಂತ ಬೇಗ ಹಾಳಾಗುವ ಮೀನು ಯಾವುದು ಸರ್ ಎಂದು ಕೇಳಿದಳು.

ಬೂತಾಯಿ. ನಮ್ಮ ಕಡೆಯಲ್ಲಿ ಅದೇ ಸರಿಯಾದ ಉತ್ತರ, ಅದರ ಎಣ್ಣೆಯೇ ಅದಕ್ಕೆ ಶತ್ರು. ಪ್ರಶ್ನೆಗಳಿಗೆ ಟಿಪ್ಪಣಿ ಇರುವುದಿಲ್ಲವಾದರೂ ತಪ್ಪಿಸಿಕೊಳ್ಳುವ ದಾರಿ ನನಗೆ ಬಾಯಿಪಾಠ. ಸಾರ್ಡಿನ್ ಎನ್ನಬಹುದು. ಕೊಂಕಣಿಯಲ್ಲಿ ತಾರ್ಲೆ ಎನ್ನಬಹುದು. ಎರಡೂ ನಾಲಗೆಯ ತುದಿಗೇ ಬಂದು ನಿಂತಿದ್ದವು. ಮಗಳು ಚೀಟಿಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಈಗ ನಾನು ಯಾವ ದಾರಿಯಲ್ಲಿ ಓಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಆ ಸಭೆಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ. ಅವಳ ಎದುರು ಓಡಲು ನನಗೆ ಮನಸ್ಸು ಬರಲಿಲ್ಲ. ಧೈರ್ಯವೋ ಸುಸ್ತೋ, ಏನೆಂದು ಈಗಲೂ ಹೇಳಲಾರೆ.

“ಬ್,” ಎಂದೆ. ತುಟಿ ಕೂಡಿತು. ಮೈಕು ನನ್ನ ಮೂಗಿನ ಉಸಿರನ್ನು ಎಲ್ಲರಿಗೂ ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಹೆಡ್‌ಮಿಸ್ಸು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ನಾನು ಬಾಟಲಿ ಮುಟ್ಟಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಎಂಟನೇ ಕ್ಲಾಸಿನಷ್ಟು ಹೊತ್ತು ಖಂಡಿತ ನಿಂತೆ. ಆಮೇಲೆ ತುಟಿ ತೆರೆಯಿತು.

“ಬೂತಾಯಿ.”

ಕೇಳಿದ ಹುಡುಗಿ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡು ಕುಳಿತಳು. ಅಷ್ಟೇ. ಮೂವತ್ತೈದು ವರ್ಷ ನಾನು ಹೆದರಿಕೊಂಡು ಓಡಿದ್ದು ಇದಕ್ಕೆ. ಮೈಯೆಲ್ಲ ಬೆವರಿತ್ತು, ಆದರೂ ಎದೆಯೊಳಗೆ ಯಾರೋ ಫ್ಯಾನು ಹಾಕಿದ ಹಾಗೆ ಹಗುರವಾಯಿತು. ಬಂದು ಕುರ್ಚಿಯಲ್ಲಿ ಕುಳಿತೆ. ಮಗಳು ಮತ್ತೆ ಚೀಟಿಯ ಮೇಲೆ ಬಗ್ಗಿದ್ದಳು.

ಮಗಳ ಸರದಿ. ಅವಳು ನನ್ನ ಹಿಂದಿನಿಂದ ನಡೆದು ಬಲಗಡೆಯ ಸ್ಟ್ಯಾಂಡಿನ ಹತ್ತಿರ ಹೋದಳು. ಎತ್ತರ ಸಾಲದೆ ಮೈಕನ್ನು ಬಗ್ಗಿಸಿಕೊಂಡಳು. ನಾನು ಮೇಜಿನ ಕೆಳಗೆ ಎರಡೂ ಕೈ ಬಿಗಿ ಹಿಡಿದುಕೊಂಡೆ. ನಮ್ಮ ಹೆಡ್‌ಮಿಸ್ ಅವರಿಗೆ ವಂದನೆಗಳು ಎಂದಳು. ಸಲೀಸಾಗಿ ಬಂತು. ನಾನು ತಲೆ ಎತ್ತಿದೆ. ಶಿಕ್ಷಕರಿಗೆ ಧನ್ಯವಾದಗಳು. ಹಾಡಿದವರಿಗೆ ನಮನಗಳು. ಮೈಕಿನ ಅಣ್ಣನಿಗೆ ಥ್ಯಾಂಕ್ಸ್ ಎಂದಾಗ ಮಕ್ಕಳು ನಕ್ಕರು, ಅವಳೂ ನಕ್ಕಳು. ಸಹಪಾಠಿಗಳಿಗೆ ಮತ್ತೆ ವಂದನೆಗಳು. ಅವಳ ಟೀಚರು ಕೆಳಗೆ ನಿಂತು ತಮ್ಮ ಕೈಯಲ್ಲಿದ್ದ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

ಚೀಟಿಯ ಎರಡನೆಯ ಸಾಲಿನಲ್ಲಿ ಇರಬೇಕಾಗಿದ್ದ ನನ್ನನ್ನು ಅವಳು ಬಿಟ್ಟಿದ್ದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಇವತ್ತಿನ ಅತಿಥಿ ನನ್ನ ಪಪ್ಪ. ಅವರಿಗೆ ನನ್ನ ಕ, ಕ, ಕ,” ಎಂದು ನಿಂತಳು.

ಬಲಗೈ ಬೆರಳು ಮಡಿಚಿ ಬಿಡಿಸಿತು. ಈ ಸಲ ಕಣ್ಣು ಮಾತ್ರ ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಾ ಕುಳಿತೆ. ಸಹಾಯ ಮಾಡಲಿಲ್ಲ, ತುಟಿ ಅಲ್ಲಾಡಿಸಲಿಲ್ಲ, ಕಾದೆ. ನನಗೆ ಬೇಕಾಗಿದ್ದದ್ದೂ ಯಾವಾಗಲೂ ಅಷ್ಟೇ.

“ಕೃತಜ್ಞತೆಗಳು,” ಎಂದು ಮುಗಿಸಿ, ಮೈಕು ಸರಿಮಾಡಿಟ್ಟು, ಬಂದು ಕುಳಿತಳು. ಚಪ್ಪಾಳೆ ಬಿತ್ತು. ನಾನು ಮೂಗೊರೆಸುವ ನೆಪದಲ್ಲಿ ಕರವಸ್ತ್ರ ತೆಗೆದೆ.

ಮನೆಗೆ ಬರುವಾಗ ಶಾಲೆಯ ಗೇಟಿನಿಂದ ಹತ್ತು ಮಾರು ಹೋಗುವಷ್ಟರಲ್ಲಿ ಕಾರು ನಿಂತಿತು. ಶಾಲೆ, ಕಾಲೇಜು, ಆಫೀಸು ಎಲ್ಲ ಒಟ್ಟಿಗೆ ಬಿಡುವ ಹೊತ್ತು. ಅವಳು ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದಳು. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪಪ್ಪ, ನಿಮ್ಮದು ಹೋಗ್ಲೇ ಇಲ್ಲ ಅಲ್ವಾ?”

“ಇಲ್ಲ.”

“ಮತ್ತೆ ಎಂತಕ್ಕೆ ಸುಳ್ಳು ಹೇಳಿದ್ದು?”

“ನಿನಗೆ ಧೈರ್ಯ ಬರ್ಲಿ ಅಂತ.”

“ನಂಗೆ ಹೆದ್ರಿಕೆ ಬಂತು. ನಿಮ್ಗೆ ಪ್ರಾಕ್ಟೀಸ್ ಮಾಡಿ ಹೋಯ್ತು, ನಂಗೆ ಎಷ್ಟು ಮಾಡಿದ್ರೂ ಹೋಗುದಿಲ್ಲ ಅಂದ್ರೆ ನನ್ನಲ್ಲೇ ಎಂತದೋ ಸರಿ ಇಲ್ಲ ಅಂತ ಎಣಿಸಿದ್ದೆ.”

ಏಳು ವರ್ಷ. ಆರರಿಂದ ಹದಿಮೂರರವರೆಗೆ ಆ ಮಗು ಹಾಗೆ ಎಣಿಸಿಕೊಂಡು ಕನ್ನಡಿಯ ಎದುರು ನಿಂತಿತ್ತು. ಹಿಂದಿನವರು ಹಾರ್ನು ಹೊಡೆದರು, ನಾನು ಗಾಡಿ ಮುಂದೆ ತೆಗೆಯಲು ಮರೆತಿದ್ದೆ. ತಪ್ಪಾಯ್ತು ಎಂದೆ. ಆಮೇಲೆ, ಮೀನಿನಂಗಡಿಯಲ್ಲಿ ನೀವು ಯಾವಾಗಲೂ ಅಂಜಲನ್ನೇ ಕೇಳುವುದು ಇದಕ್ಕಾ ಎಂದು ಕೇಳಿದಳು. ಹೌದು ಎಂದೆ. ಅಂದ್ರೆ ಮನೆಯಲ್ಲಿ ಯಾರಿಗೂ ಅಂಜಲ್ ಅಷ್ಟು ಇಷ್ಟ ಅಂತ ಏನೂ ಇಲ್ಲ ಎಂದಳು. ನನಗೆ ಬಂಗುಡೆಯೇ ಇಷ್ಟ ಎಂದು ನಾನು ಒಪ್ಪಿಕೊಂಡೆ. ಅವಳು ನಗತೊಡಗಿದಳು. ನಾನೂ ನಕ್ಕೆ. ಎಷ್ಟು ನಕ್ಕೆವೆಂದರೆ ಪಕ್ಕದ ಸ್ಕೂಟರಿನವರು ಬಗ್ಗಿ ನೋಡಿದರು. ಇಷ್ಟು ನಿರಾಳವಾಗಿ ನಾನು ನಕ್ಕು ಬಹಳ ವರ್ಷಗಳಾಗಿತ್ತು.

ನನಗೂ ಅಂಥ ಪರದೆ ಮಾಡಿಕೊಡಿ, ಸೈನ್ಸ್ ಎಕ್ಸಿಬಿಷನ್ನಿಗೆ ಬೇಕು ಎಂದಳು. ಮಾಡಿಕೊಡುತ್ತೇನೆ ಎಂದೆ. ಈಗ ನಾವಿಬ್ಬರೂ ಒಟ್ಟಿಗೆ ಕುಳಿತು ಟಿಪ್ಪಣಿ ಬರೆಯುವುದುಂಟು. ಮೀನಿನಂಗಡಿಯಲ್ಲಿ ಅವಳು ನನ್ನ ಬಂಗುಡೆ ಕೇಳುತ್ತಾಳೆ, ನಾನು ಅವಳಿಗೆ ಇಷ್ಟದ ಕಾಣೆ ಮೀನು ಕೇಳುತ್ತೇನೆ. ಕೆಲವು ಸಲ ಅದಲುಬದಲು ಮಾಡಿಕೊಂಡು ಅಂಗಡಿಯವಳನ್ನು ಕಾಯಿಸುತ್ತೇವೆ. ನನ್ನ ಟಿಪ್ಪಣಿಯ ಅಕ್ಷರ ಈಗಲೂ ದೊಡ್ಡದೇ, ಆದರೆ ಕೊನೆಯ ಸಾಲಿಗೆ ಹೋಗಿ ಕುಳಿತು ನೋಡುವುದನ್ನು ಬಿಟ್ಟಿದ್ದೇನೆ.

ಅವತ್ತು ಮನೆಯ ಹತ್ತಿರ ಬಂದಾಗ ಅವಳ ಬ್ಯಾಗಿನ ಮೇಲಿಂದ ಚೀಟಿ ಜಾರಿ ಬಿತ್ತು. ನಾನು ಎತ್ತಿಕೊಂಡು ನೋಡಿದೆ. ನಾನು ಮಾತಾಡುತ್ತಿರುವಾಗ ಅವಳು ಗೀಚಿದ್ದು ಇದನ್ನೇ. ಐದು ಕಡೆ ಕೃತಜ್ಞತೆಗಳು ಎಂಬುದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ವಂದನೆ, ಧನ್ಯವಾದ, ನಮನ, ಥ್ಯಾಂಕ್ಸ್ ಎಂದು ಬರೆದಿದ್ದಳು. ನನ್ನ ಸುಳ್ಳು ಏಳು ವರ್ಷದಲ್ಲಿ ಕಲಿಸದ್ದನ್ನು ನನ್ನ ಪರದೆ ಅರ್ಧ ಗಂಟೆಯಲ್ಲಿ ಕಲಿಸಿತ್ತು. ನನ್ನ ಹೆಸರಿನ ಸಾಲಿನಲ್ಲಿಯೂ ಮೊದಲು ಗೆರೆ ಎಳೆದಿದ್ದಳು, ವಂದನೆ ಎಂದೂ ಬರೆದಿದ್ದಳು. ಆಮೇಲೆ ಆ ವಂದನೆಯನ್ನೇ ಹೊಡೆದು ಹಾಕಿ, ಪಕ್ಕದಲ್ಲಿ ಮತ್ತೆ ಅದೇ ಕೃತಜ್ಞತೆಗಳು ಎಂದು ದಪ್ಪಗೆ ಬರೆದಿದ್ದಳು.

ಇದೊಂದನ್ನು ಯಾಕೆ ವಾಪಸ್ ಬರೆದೆ ಎಂದು ಕೇಳಿದೆ.

ಅವಳು ಬ್ಯಾಗ್ ಹೆಗಲಿಗೇರಿಸಿ ಕಾರಿನಿಂದ ಇಳಿಯುತ್ತಿದ್ದಳು.

“ನೀವು ಬೂತಾಯಿ ಹೇಳಿದ್ರಲ್ಲ,” ಎಂದಳು.